ಸ್ಪಾರ್ಕ್ ಪ್ಲಗ್ ನಾನೇ ಬದಲಾಯಿಸಿದೆ, ಈಗ ಘಾಟಿ ಹತ್ತುವಾಗ ಮಿಸ್ ಹೊಡೀತಿದೆ (1997ರ ಮಾರುತಿ 800)

ತೀರ್ಥಳ್ಳಿ 800
ಎಲ್ಲರಿಗೂ ನಮಸ್ಕಾರ. ನಮ್ಮದು ಅಪ್ಪನ ಕಾಲದ 1997ರ ಮಾರುತಿ 800. ಕಾರ್ಬೊರೇಟರ್ ಗಾಡಿ, ನಾಲ್ಕು ಗೇರು. ಮೀಟರಲ್ಲಿ 1 ಲಕ್ಷ 18 ಸಾವಿರ ತೋರಿಸುತ್ತೆ, ಆದ್ರೆ ಮೀಟರ್ ಕೇಬಲ್ ತುಂಡಾಗಿ ಎರಡು ವರ್ಷ ಹಾಗೇ ಓಡಿಸಿದ್ದೀವಿ, ಹಾಗಾಗಿ ಆ ಲೆಕ್ಕ ಪೂರ್ತಿ ನಂಬಬೇಡಿ.

ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸ್ತಿತ್ತು. ಚೋಕ್ ಎಳೆದು ನಾಲ್ಕೈದು ಸಲ ಕೀಲಿ ತಿರುಗಿಸಬೇಕಿತ್ತು. ಹೋದ ಭಾನುವಾರ ಧೈರ್ಯ ಮಾಡಿ ಅಂಗಳದಲ್ಲೇ ಮೂರೂ ಪ್ಲಗ್ (ಸಿಲಿಂಡರ್ ಒಳಗೆ ಪೆಟ್ರೋಲಿಗೆ ಕಿಡಿ ಕೊಡೋದು) ಬಿಚ್ಚಿ ಹೊಸದು ಹಾಕಿದೆ. ಹಳೇದರಲ್ಲಿ ಎರಡು ಕಾಫಿ ಪುಡಿ ಬಣ್ಣ ಇತ್ತು, ಒಂದು ಒಲೆ ಮಸಿ ಹಾಗೆ ಕಪ್ಪು. ಈಗ ಸ್ಟಾರ್ಟಿಂಗ್ ಬೆಣ್ಣೆ. ಊರೊಳಗೆ ಓಡಿಸಿದ್ರೆ ಏನೂ ತೊಂದ್ರೆ ಇಲ್ಲ.

ಬುಧವಾರ ಅಪ್ಪ ಅಮ್ಮನ್ನ ಕರ್ಕೊಂಡು ಉಡುಪಿಗೆ ಹೋಗಿದ್ದೆ. ವಾಪಸ್ ಬರೋವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಬೇಕಲ್ಲ, ಎರಡು ತಿರುವು ಮುಗಿಯೋದ್ರೊಳಗೆ ಗಾಡಿ ಕುಂಟೋಕೆ ಶುರು. ಆಕ್ಸಿಲರೇಟರ್ ಒತ್ತಿದಷ್ಟೂ ಜಗ್ಗಿ ಜಗ್ಗಿ ಹೋಗುತ್ತೆ, ಕಾಲು ಸಡಿಲ ಬಿಟ್ಟರೆ ಸರಿ. ಫಸ್ಟ್ ಗೇರಲ್ಲೇ ತೆವಳಿಕೊಂಡು ಮೇಲೆ ಬಂದ್ವಿ. ಉಳಿದ ಹನ್ನೆರಡೂ ತಿರುವಲ್ಲಿ ಅಪ್ಪಂದು ಒಂದೇ ಮಂತ್ರ, "ಗ್ಯಾರೇಜಿಗೆ ಬಿಟ್ಟಿದ್ರೆ ಆಗ್ತಿತ್ತು." ಪ್ಲಗ್ ಡೂಪ್ಲಿಕೇಟ್ ಸಿಕ್ಕಿರಬಹುದಾ?

ಜಯನಗರ 4ನೇ ಬ್ಲಾಕ್
ಪ್ಲಗ್ ಬದಲಾಯಿಸಬಹುದು ಗುರು, ಅಪ್ಪನ್ನ ಬದಲಾಯಿಸೋಕಾಗಲ್ಲ.

ಟಾರ್ಕ್ ರೆಂಚ್
ಮೂರು ಪ್ರಶ್ನೆ. ಯಾವ ನಂಬರಿನ ಪ್ಲಗ್ ಹಾಕಿದಿರಿ? ಗ್ಯಾಪ್, ಅಂದ್ರೆ ಕಿಡಿ ಹಾರೋ ಎರಡು ತುದಿಗಳ ನಡುವಿನ ಸಂದಿ, ಅಳೆದಿರಾ? ಎಷ್ಟು ಟೈಟ್ ಮಾಡಿದಿರಿ? ಈ ಗಾಡಿಗೆ ಗ್ಯಾಪ್ 0.7ರಿಂದ 0.8 ಮಿ.ಮೀ. ಇರಬೇಕು. ಡಬ್ಬದಿಂದ ತೆಗೆದ ತಕ್ಷಣ ಸರಿಯಾಗೇ ಇರುತ್ತೆ ಅಂತ ನಂಬೋ ಹಾಗಿಲ್ಲ, ಅಂಗಡಿಯಲ್ಲಿ ಒಂದು ಸಲ ಕೆಳಗೆ ಬಿದ್ದಿದ್ರೂ ಸಾಕು, ಬದಿಯ ತುದಿ ಬಾಗಿರುತ್ತೆ. ಗ್ಯಾಪ್ ಜಾಸ್ತಿ ಇದ್ದರೆ ನೀವು ಹೇಳಿದ ಹಾಗೇ ಆಗುತ್ತೆ, ಸಮತಟ್ಟಲ್ಲಿ ಸರಿ, ಏರಲ್ಲಿ ಮಿಸ್.

ಹುಬ್ಬಳ್ಳಿ ಪಾನಾ
ಅಣ್ಣಾರ, ಮೊದಲ ಒಂದು ಹೇಳ್ರಿ. ಬಿಚ್ಚುವಾಗ ವೈರ್ ಹೆಂಗ ಕಿತ್ತ್ರಿ? ರಬ್ಬರ್ ಟೊಪ್ಪಿಗಿ ಹಿಡದ ಕಿತ್ತ್ರೋ, ವೈರ್ ಹಿಡದ ಜಗ್ಗಿದ್ರೋ?

ತೀರ್ಥಳ್ಳಿ 800
@ಟಾರ್ಕ್ ರೆಂಚ್ ಹಳೇದರ ಮೇಲಿದ್ದ ನಂಬರೇ ತೋರಿಸಿ ತಂದೆ, ಎನ್‌ಜಿಕೆ ಕಂಪನಿಯ ಬಿಪಿಆರ್ 6 ಇಎಸ್. ಗ್ಯಾಪ್ ಅಳೆದಿಲ್ಲ ಸಾರ್, ಫೀಲರ್ ಗೇಜ್ ಇಲ್ಲ. ಟೈಟ್ ಕೈಗೆ ಎಷ್ಟು ಬಂತೋ ಅಷ್ಟು.

ಟಾರ್ಕ್ ರೆಂಚ್
"ಕೈಗೆ ಎಷ್ಟು ಬಂತೋ ಅಷ್ಟು" ಅನ್ನೋದು ಅಳತೆಯಲ್ಲ. ಇಂಜಿನ್ ಹೆಡ್ ಅಲ್ಯೂಮಿನಿಯಂ, ಪ್ಲಗ್ ಉಕ್ಕು. ಥ್ರೆಡ್ (ಸ್ಕ್ರೂ ಸುತ್ತು) ಹೋದರೆ ಪ್ಲಗ್ಗಿಗೆ ಏನೂ ಆಗಲ್ಲ, ಹೆಡ್ ಹೋಗುತ್ತೆ. 14 ಮಿ.ಮೀ. ಥ್ರೆಡ್ಡಿಗೆ 25 ನ್ಯೂಟನ್ ಮೀಟರ್ ಆಸುಪಾಸು ಸಾಕು.

ಹುಬ್ಬಳ್ಳಿ ಪಾನಾ
ಮೂವತ್ತ ವರ್ಷ ಆತ್ರಿ ನಾ ಪ್ಲಗ್ ಬಿಚ್ಚಾಕ ಹತ್ತಿ. ಬಿಗಿ ಅಳಿಯೂ ಟಾರ್ಕ್ ರೆಂಚ್ ಹಿಡದಿದ್ದು ಹೆಡ್ ಬೋಲ್ಟಿಗೆ ಅಷ್ಟ. ಹೊಸಾ ಪ್ಲಗ್ ಬರೇ ಬೆರಳಿಲೆ ಪೂರ್ತಿ ತಿರುವಬೇಕು, ವಾಶರ್ ಕೂಡತೈತಿ, ಆಮ್ಯಾಲ ಪಾನಾ ಹಚ್ಚಿ ಅರ್ಧ ಸುತ್ತು, ಭಾಳ ಅಂದ್ರ ಅರ್ಧಕ್ಕಿಂತ ಚೂರು ಜಾಸ್ತಿ. ಹಳೇ ಪ್ಲಗ್ ತಿರಗಿ ಹಾಕೂದಾದ್ರ ವಾಶರ್ ಮೊದಲ ಚಪ್ಪಟಿ ಆಗಿರತೈತಿ, ಅದಕ್ಕ ಗಡಿಯಾರದಾಗ ಒಂದ್ ತಾಸಿನಷ್ಟ ತಿರುವಿದ್ರ ಮುಗೀತು. ಇದು ಪ್ಲಗ್ ಡಬ್ಬಿ ಮ್ಯಾಲ ಚಿತ್ರ ಬರದ ತೋರಿಸಿರ್ತಾರ, ಯಾರೂ ನೋಡೂದಿಲ್ಲ.

ಮತ್ತ ನಾ ಕೇಳಿದ್ದಕ್ಕ ಉತ್ತರ ಬರಲಿಲ್ಲ.

ಟಾರ್ಕ್ ರೆಂಚ್
ನಿಮ್ಮ ಕೈಗೆ ಮೂವತ್ತು ವರ್ಷದ ಅಭ್ಯಾಸ ಇದೆ ಸಾರ್. ಮೊದಲ ಸಲ ಪಾನಾ ಹಿಡಿದವನ ಕೈಗೆ ಏನಿದೆ? ಅದಕ್ಕೇ ಅಳತೆ ಬೇಕು ಅನ್ನೋದು.

ಸಾಗರದ ಸೊಸೆ
ಮೊದಲ ಸಲ ಪಾನಾ ಹಿಡಿದವಳು ನಾನೇ ಹೇಳ್ತೀನಿ ಕೇಳಿ. ನಮ್ಮನೇಲಿ ಹಳೇ ಝೆನ್ ಇದೆ. ಯಜಮಾನರು ಬೋನೆಟ್ ತೆಗೆದರೆ ನೀರು ಹಾಕೋಕೆ ಮಾತ್ರ. ನಾನೇ ನೋಡಿ ಕಲಿತು ಮೂರು ಸಲ ಪ್ಲಗ್ ಬದಲಾಯಿಸಿದ್ದೀನಿ. ಟಾರ್ಕ್ ರೆಂಚೂ ಇಲ್ಲ, ಮೂವತ್ತು ವರ್ಷದ ಕೈಯೂ ಇಲ್ಲ. ನನ್ನ ಹತ್ರ ಇರೋದು ಒಂದು ಗೇಣು ರಬ್ಬರ್ ಪೈಪು, ತೋಟದ ಸ್ಪ್ರೇಯರ್‌ದು. ಅದರ ತುದಿಗೆ ಪ್ಲಗ್ ಸಿಕ್ಕಿಸಿ ತೂತಿಗೆ ಇಟ್ಟು ಬೆರಳಲ್ಲಿ ತಿರುಗಿಸ್ತೀನಿ. ಥ್ರೆಡ್ ಓರೆ ಹಿಡಿದರೆ ಪೈಪೇ ಜಾರುತ್ತೆ, ಮುಂದಕ್ಕೆ ಹೋಗಲ್ಲ. ಪಾನಾ ಹಾಕಿ ಶುರು ಮಾಡಿದ್ರೆ ಓರೆ ಹೋದದ್ದು ಗೊತ್ತೇ ಆಗಲ್ಲ. ಮೊದಲು ಎಡಕ್ಕೆ ಒಂಚೂರು ತಿರುಗಿಸಿ, "ಟಕ್" ಅಂತ ಥ್ರೆಡ್ ಕೂತದ್ದು ಬೆರಳಿಗೆ ತಿಳಿದ ಮೇಲೆ ಬಲಕ್ಕೆ.

ಇನ್ನೊಂದು. ಬಿಚ್ಚೋ ಮೊದಲು ಪ್ಲಗ್ಗಿನ ಬುಡದ ಧೂಳು ಸೈಕಲ್ ಪಂಪಿನಲ್ಲಿ ಊದಿ. ನಮ್ಮ ಕಡೆ ಕೆಂಪು ಧೂಳು, ಅದು ಸಿಲಿಂಡರ್ ಒಳಗೆ ಬಿದ್ದರೆ ಕಥೆ ಮುಗೀತು.

ಹೊಸಬ
ಅಕ್ಕ ಸೂಪರ್. ಪೈಪಿನ ಐಡಿಯಾ ಬರ್ಕೊಂಡೆ.

ಪದ್ಮಿನಿ ಪ್ರೇಮಿ
ನಮ್ಮ ಕಾಲದಲ್ಲಿ ಫೀಲರ್ ಗೇಜ್ ಯಾರ ಮನೆಯಲ್ಲಿತ್ತು? ನನ್ನ ಪ್ರೀಮಿಯರ್ ಪದ್ಮಿನಿಗೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಗ್ಯಾಪ್ ನೋಡ್ತಿದ್ದೆ. ಬ್ಲೇಡು ಬಿಗಿಯಾಗಿ ಜಾರಿದರೆ ಸರಿ. ಹತ್ತು ಸಾವಿರ ಕಿ.ಮೀ.ಗೆ ಒಂದು ಸಲ ನಾಲ್ಕೂ ಬಿಚ್ಚಿ, ಎಮರಿ ಪೇಪರಲ್ಲಿ ಉಜ್ಜಿ, ಪೆಟ್ರೋಲಲ್ಲಿ ತೊಳೆದು, ಬಿಸಿಲಿಗಿಟ್ಟು ಮತ್ತೆ ಅದನ್ನೇ ಹಾಕುವುದು. ಈಗಿನವರು ಎಲ್ಲದಕ್ಕೂ ಹೊಸದು ಹೊಸದು.

ಆಗ ಅಂಗಡಿಗೆ ಹೋಗಿ "ಪ್ಲಗ್ ಕೊಡಿ" ಅಂತ ಕೇಳುತ್ತಿರಲಿಲ್ಲ, "ಮೈಕೋ ಕೊಡಿ" ಅನ್ನುತ್ತಿದ್ದೆವು. ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಾಗುತ್ತಿತ್ತು. ನನ್ನ ಭಾವ ಅಲ್ಲೇ ಕೆಲಸಕ್ಕಿದ್ದರು.

ಟಾರ್ಕ್ ರೆಂಚ್
ಹ್ಯಾಕ್ಸಾ ಬ್ಲೇಡ್ ದಪ್ಪ ಸುಮಾರು 0.6 ಮಿ.ಮೀ. ಬರುತ್ತೆ ಸಾರ್. ಪದ್ಮಿನಿಯಂಥ ಪ್ಲಾಟಿನಂ ಪಾಯಿಂಟ್ (ಕಿಡಿಗೆ ಕರೆಂಟ್ ಕಡಿದು ಬಿಡೋ ಸ್ವಿಚ್ಚು) ಇರೋ ಗಾಡಿಗೆ ನಡೆದಿರುತ್ತೆ, 800ಕ್ಕೆ ಕಡಿಮೆ ಆಯ್ತು.

ಎಮರಿ ಪೇಪರ್ ಮಾತ್ರ ಬೇಡವೇ ಬೇಡ. ಅದರ ಪುಡಿ ಪಿಂಗಾಣಿ ಮತ್ತು ಲೋಹದ ನಡುವಿನ ಸಂದಿಯಲ್ಲಿ ಕೂತು ಆಮೇಲೆ ಸಿಲಿಂಡರಿಗೆ ಉದುರುತ್ತೆ. ಪಿಂಗಾಣಿಯ ನುಣುಪು ಹೋದರೆ ಮಸಿ ಬೇಗ ಅಂಟುತ್ತೆ. ನೂರು ರೂಪಾಯಿ ಆಸುಪಾಸಿನ ವಸ್ತುವಿಗೆ ಇಷ್ಟೆಲ್ಲ ಯಾಕೆ?

ಪದ್ಮಿನಿ ಪ್ರೇಮಿ
ನೂರು ರೂಪಾಯಿ ಅಂದರೆ ಏನು ಅಂತ ಗೊತ್ತಿಲ್ಲದವರು ಆಡುವ ಮಾತು.

ಜಯನಗರ 4ನೇ ಬ್ಲಾಕ್
ಒಂದ್ ನಿಮಿಷ, ಮೈಕೋ ಲೇಔಟ್ ಅಂದ್ರೆ ಆ ಮೈಕೋನಾ? ಇಷ್ಟು ವರ್ಷ ಬಿಟಿಎಂ ಕಡೆ ಓಡಾಡ್ತೀನಿ, ಯಾವುದೋ ಬ್ಯಾಂಕ್ ಹೆಸರು ಅನ್ಕೊಂಡಿದ್ದೆ.

ಪದ್ಮಿನಿ ಪ್ರೇಮಿ
ಅದೇ. ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಚಿಕ್ಕದಾಗಿ ಮೈಕೋ. 2008ರಲ್ಲಿ ಹೆಸರು ಬಾಷ್ ಅಂತ ಆಯ್ತು. ಬಡಾವಣೆಗೆ ಹಳೆ ಹೆಸರೇ ನಿಂತಿತು.

ಕಡಲ ಕರೆ
ಮಾರಾಯ್ರೆ, ನಂಬರಿನ ವಿಷಯ ಯಾರೂ ಹೇಳಲಿಲ್ಲ. ನಾನು ಮಾಡಿದ ಮಂಗಾಟ ಹೇಳ್ತೇನೆ. ಎನ್‌ಜಿಕೆ ಸಿಗಲಿಲ್ಲ ಅಂತ ಬೇರೆ ಕಂಪನಿದು ತಗೊಂಡೆ. ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಾದಷ್ಟು ಪ್ಲಗ್ "ತಣ್ಣಗೆ", ಅಂದರೆ ಶಾಖ ಬೇಗ ಬಿಟ್ಟುಕೊಡ್ತದೆ. ಬಾಷ್‌ನಲ್ಲಿ ಉಲ್ಟಾ ಉಂಟು, ಅಂಕಿ ಹೆಚ್ಚಾದಷ್ಟು "ಬಿಸಿ". ನಾನು ಅಂಕಿಗೆ ಅಂಕಿ ತಾಳೆ ಹಾಕಿ ತಂದದ್ದು. ಅಂಗಡಿಯವ "ಆಗ್ತದೆ ಆಗ್ತದೆ" ಅಂದ. ಎಂಟು ದಿವಸದಲ್ಲಿ ಮಸಿ ಹಿಡಿದು ನಿಂತಿತು. ಕಂಪನಿ ಬದಲಾಯಿಸುವುದಾದರೆ ಅಂಕಿ ನೋಡುವುದಲ್ಲ, ಹೊಂದಾಣಿಕೆಯ ಪಟ್ಟಿ ನೋಡಬೇಕು.

ಇ ಅಕ್ಷರ ಉಂಟಲ್ಲ ಬಿಪಿಆರ್ 6 ಇಎಸ್‌ನಲ್ಲಿ, ಅದು ಥ್ರೆಡ್ಡಿನ ಉದ್ದ, 19 ಮಿ.ಮೀ. ಅದೇ ಜಾಗದಲ್ಲಿ ಎಚ್ ಇದ್ದರೆ 12.7 ಮಾತ್ರ. ಎರಡೂ ತೂತಿಗೆ ಹಿಡೀತದೆ! ಗಿಡ್ಡದ್ದು ಹಾಕಿದರೆ ಹೆಡ್ಡಿನ ಉಳಿದ ಥ್ರೆಡ್ಡಲ್ಲಿ ಕರಿ ಕಟ್ಟಿ ಮತ್ತೆ ಉದ್ದದ್ದು ಹೋಗುವುದಿಲ್ಲ. ಗಿಡ್ಡದ್ದಿರಬೇಕಾದ ಕಡೆ ಉದ್ದದ್ದು ಹಾಕಿದರೆ ಪಿಸ್ಟನ್ನಿಗೆ ಗುದ್ದೀತು.

ಹೊಸಬ
ಹಾಗಾದ್ರೆ ಆರ್ ಅಂದ್ರೆ?

ಕಡಲ ಕರೆ
ಒಳಗೆ ರೆಸಿಸ್ಟರ್ ಉಂಟು ಅಂತ. ಇಲ್ಲದಿದ್ದರೆ ರೇಡಿಯೋದಲ್ಲಿ ಇಂಜಿನ್ನಿನ ಹಾಡೂ ಕೇಳ್ತದೆ.

ನ್ಯೂಜೆರ್ಸಿ ಕನ್ನಡಿಗ
ಇಲ್ಲಿ ನನ್ನ 2005ರ ಕೊರೊಲ್ಲಾಗೆ ಇರಿಡಿಯಂ ತುದಿಯ ಪ್ಲಗ್ ಹಾಕಿದ್ದೀನಿ, ಒಂದು ಲಕ್ಷ ಮೈಲಿ ಹತ್ತಿರ ಮುಟ್ಟೋದೇ ಬೇಡ. ನೀವೂ ಇರಿಡಿಯಂ ಹಾಕಿಬಿಡಿ, ತಲೆನೋವೇ ಇರಲ್ಲ. ಟಾರ್ಕ್ ರೆಂಚು ಬಿಡಿಭಾಗದ ಅಂಗಡಿಯವರೇ ಡೆಪಾಸಿಟ್ ಇಟ್ಕೊಂಡು ಕೊಡ್ತಾರೆ, ಕೆಲಸ ಮುಗಿಸಿ ವಾಪಸ್ ಕೊಟ್ರೆ ಪೂರ್ತಿ ದುಡ್ಡು ವಾಪಸ್.

ಹುಬ್ಬಳ್ಳಿ ಪಾನಾ
ಕಾರ್ಬೊರೇಟರ್ ಗಾಡಿಗೆ ಇರಿಡಿಯಂ ಅಂದ್ರ ಎತ್ತಿನ ಕೋಡಿಗೆ ಬಂಗಾರದ ಕಳಸ ಹಾಕಿಧಂಗ್ರಿ. ಚೋಕ್ ಜಾಸ್ತಿ ಹೊತ್ತು ಎಳದಿಟ್ರ ಬಂಗಾರಕ್ಕೂ ಮಸಿ ಹತ್ತತೈತಿ.

ಜಯನಗರ 4ನೇ ಬ್ಲಾಕ್
ಇಲ್ಲಿ ಡೆಪಾಸಿಟ್ ಇಟ್ಟು ಟೂಲ್ ತಗೊಂಡ್ರೆ ಡೆಪಾಸಿಟ್ ವಾಪಸ್ ಬರಲ್ಲ, ಟೂಲೂ ವಾಪಸ್ ಹೋಗಲ್ಲ 😄

ಅರಸೀಕೆರೆ ಜಂಕ್ಷನ್
ಇದೆಲ್ಲ ಈಗಿನ ಪೆಟ್ರೋಲಿನ ಮಹಿಮೆ. 20 ಪರ್ಸೆಂಟ್ ಎಥನಾಲ್ ಬೆರೆಸ್ತಾರೆ, ಹಳೇ ಗಾಡಿ ತಡೆಯುತ್ತಾ? ನನ್ನ ಗಾಡಿದು ಪೆಟ್ರೋಲ್ ಪೈಪ್ ಊದ್ಕೊಂಡು ಬಿಟ್ಟಿತ್ತು. ಅದರ ಮೇಲೆ ಆರ್‌ಸಿ ರಿನ್ಯೂವಲ್ ಫೀಸು, 600 ರೂಪಾಯಿ ಇದ್ದದ್ದನ್ನ 2022ರ ಏಪ್ರಿಲ್‌ನಿಂದ 5000 ಮಾಡಿದ್ರು. ಹಳೇ ಗಾಡಿ ಇಟ್ಕೊಂಡವರು ಕಳ್ಳರ ಹಾಗೆ ಆಗಿದ್ದೀವಿ.

ಟಾರ್ಕ್ ರೆಂಚ್
ಎಥನಾಲಲ್ಲಿ ಆಮ್ಲಜನಕ ಇರೋದ್ರಿಂದ ಕಾರ್ಬೊರೇಟರ್ ಗಾಡಿಯಲ್ಲಿ ಮಿಕ್ಸ್ಚರ್ ತೆಳುವಾಗೋದು (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ನಿಜ, ರಬ್ಬರ್ ಹಾಳಾಗೋದೂ ನಿಜ. ಆದ್ರೆ ಮಿಕ್ಸ್ಚರ್ ತೆಳುವಾದ್ರೆ ಪ್ಲಗ್ ಸುಣ್ಣದ ಹಾಗೆ ಬೆಳ್ಳಗಾಗಬೇಕು. ಇವರದ್ದು ಎರಡು ಕಾಫಿ ಬಣ್ಣ, ಒಂದು ಕಪ್ಪು. ಪೆಟ್ರೋಲ್ ಕೆಟ್ಟದಾಗಿದ್ರೆ ಮೂರಕ್ಕೂ ಒಂದೇ ಬಣ್ಣ ಬರಬೇಕಲ್ಲ? ಒಂದೇ ಪ್ಲಗ್ ಕಪ್ಪು ಅಂದರೆ ಆ ಒಂದು ಸಿಲಿಂಡರಲ್ಲೇ ಏನೋ ಇದೆ.

ತೀರ್ಥಳ್ಳಿಯವರೇ, ಆ ಕಪ್ಪು ಪ್ಲಗ್ ಒಣಗಿತ್ತಾ, ಎಣ್ಣೆ ಜಿಡ್ಡಿತ್ತಾ? ಯಾವ ಸಿಲಿಂಡರ್?

ತೀರ್ಥಳ್ಳಿ 800
ಒಣ ಮಸಿ, ಉಜ್ಜಿದರೆ ಪುಡಿಯಾಗಿ ಬರ್ತಿತ್ತು. ನಡುವಿನದು, ಎರಡನೇದು.

ಇವತ್ತು ಸಂಜೆ ಪಕ್ಕದ ಗ್ಯಾರೇಜಿನಿಂದ ಫೀಲರ್ ಗೇಜ್ ಇಸ್ಕೊಂಡು ಬಂದು ನೋಡಿದೆ. ಮೂರೂ 0.8 ಇದೆ. ಇಂಜಿನ್ ಓಡ್ತಿರುವಾಗ ಒಂದೊಂದೇ ವೈರ್ ತೆಗೆದೂ ನೋಡಿದೆ, ಯಾವುದು ತೆಗೆದರೂ ಇಂಜಿನ್ ಕುಂಟುತ್ತೆ. ಅಂದ್ರೆ ಮೂರೂ ಕೆಲಸ ಮಾಡ್ತಿವೆ ಅಂತ ತಾನೇ? ಎರಡನೇದು ತೆಗೆಯೋವಾಗ ಸರಿಯಾಗಿ ಶಾಕ್ ಹೊಡೀತು, ಅಪ್ಪ ಜಗಲಿಯಲ್ಲಿ ಕೂತು ನಗ್ತಿದ್ರು.

ಸಾಗರದ ಸೊಸೆ
ಅಯ್ಯೋ, ಬರಿಗೈಯಲ್ಲಿ ಹಿಡಿದ್ರಾ! ಚಪ್ಪಲಿನೂ ಹಾಕಿರಲಿಲ್ಲ ಅಂತ ಕಾಣುತ್ತೆ.

ಹುಬ್ಬಳ್ಳಿ ಪಾನಾ
ಓಡೂ ಇಂಜಿನ್ನಿನ ವೈರ್ ಬರಿಗೈಲೆ ಕೀಳಬ್ಯಾಡ್ರಿ. ಬಂದ್ ಮಾಡಿ ಕೀಳ್ರಿ, ಆಮ್ಯಾಲ ಸ್ಟಾರ್ಟ್ ಮಾಡಿ ನೋಡ್ರಿ. ಕಿತ್ತ ವೈರ್ ಗಾಳ್ಯಾಗ ಬಿಟ್ಟು ಭಾಳ ಹೊತ್ತ ಓಡಸಬ್ಯಾಡ್ರಿ, ಕಿಡಿಗೆ ವೋಲ್ಟೇಜ್ ಏರಸೂ ಕಾಯಿಲ್‌ಗೆ ಪೆಟ್ಟ ಬೀಳತೈತಿ.

ಈಗ ನಾ ಹೇಳಿಧಂಗ ಮಾಡ್ರಿ. ಒಂದನೇದ್ದರ ಪ್ಲಗ್ ಎರಡನೇದ್ದಕ್ಕ, ಎರಡನೇದ್ದು ಒಂದನೇದ್ದಕ್ಕ. ಪ್ಲಗ್ ಅಷ್ಟ ರೀ, ವೈರ್ ಅಲ್ಲ. 800ದಾಗ ಸಿಲಿಂಡರಿಗೆ ಕಿಡಿ ಬೀಳೂ ಕ್ರಮ 1-3-2, ವೈರ್ ಅದಲು ಬದಲಾದ್ರ ಗಾಡಿ ಸೀನತೈತಿ, ಓಡೂದಿಲ್ಲ. ಹಂಗ ಏರು ಹತ್ತಸ್ರಿ, ನಾಕ ದಿನ ಓಡಸ್ರಿ, ಆಮ್ಯಾಲ ಬಿಚ್ಚಿ ಮಸಿ ಯಾವುದಕ್ಕ ಹಿಡದೈತಿ ನೋಡ್ರಿ. ಮಸಿ ಪ್ಲಗ್ ಜೋಡಿ ಒಂದನೇದ್ದಕ್ಕ ಹೋದ್ರ ಪ್ಲಗ್ಗಿನ ತಪ್ಪು. ಎರಡನೇದ್ದರಾಗ ಉಳದ್ರ ವೈರೋ, ಪ್ಲಗ್ಗಿಗೆ ಕರೆಂಟ್ ಹಂಚೂ ಡಿಸ್ಟ್ರಿಬ್ಯೂಟರಿನ ಕ್ಯಾಪೋ.

ಮತ್ತ ಮೂರನೇ ಸಲ ಕೇಳಾಕ ಹತ್ತೀನಿ. ವೈರ್ ಹೆಂಗ ಕಿತ್ತ್ರಿ?

ಹೊಸಬ
ಪಾನಾ ಸಾರ್ ಬಿಡಲ್ಲ 😂

ಗೇರುಬೀಜ
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನ್ನದು 16 ವಾಲ್ವಿನ ಹಳೆ ಸೆಡಾನ್, ಪ್ಲಗ್ ಒಂದು ಗೇಣು ಆಳದ ಬಾವಿಯಲ್ಲಿದೆ. ಬಾವಿಯಲ್ಲಿ ಎಣ್ಣೆ ನಿಂತಿದೆ. ಇಂಜಿನ್ ಬಿಚ್ಚಬೇಕು, ನಲವತ್ತು ಸಾವಿರ ಅಂತಾನೆ ಗ್ಯಾರೇಜಿನವನು.

ಹುಬ್ಬಳ್ಳಿ ಪಾನಾ
ಎಣ್ಣಿ ಪ್ಲಗ್ಗಿನ ತುದಿಗೆ ಇಲ್ಲ, ಮ್ಯಾಲ ಬಾವ್ಯಾಗ ಅಷ್ಟ ಐತಿ ಅಂದ್ರ ಟ್ಯಾಪೆಟ್ ಕವರಿನ, ಅಂದ್ರ ಇಂಜಿನ್ ಮ್ಯಾಲಿನ ಮುಚ್ಚಳದ, ರಬ್ಬರ್ ರಿಂಗ್ ಹೋಗ್ಯಾವು. ಅವನ್ನ ಬದ್ಲಿ ಮಾಡ್ರಿ. ಇಂಜಿನ್ ಯಾಕ ಬಿಚ್ಚಬೇಕ್ರಿ? ಎಣ್ಣಿ ಬಟ್ಟಿಲೆ ಒರಸಿ ಒಣಗಿಸಿದ ಮ್ಯಾಲ ಪ್ಲಗ್ ತಗೀರಿ, ಇಲ್ಲಂದ್ರ ಎಲ್ಲಾ ಒಳಗ ಇಳೀತೈತಿ.

ಗೇರುಬೀಜ
ನಲವತ್ತು ಸಾವಿರ ಉಳೀತು. ಹುಬ್ಬಳ್ಳಿಗೆ ಬಂದ್ರೆ ಗಿರ್ಮಿಟ್ ನನ್ನ ಕಡೆಯಿಂದ.

ಟಾರ್ಕ್ ರೆಂಚ್
ಮೊದಲನೇ ವಿಷಯಕ್ಕೆ ಬರೋಣ. ಪಾನಾ ಸಾರ್ ವೈರಿನ ಮೇಲೆ ಯಾಕೆ ಬಿದ್ದಿದ್ದಾರೆ ಅಂತ ಈಗ ಹೊಳೀತು, ನಾನು ಗ್ಯಾಪ್ ಹಿಡ್ಕೊಂಡು ಕೂತಿದ್ದೆ. ಪ್ಲಗ್ ವೈರಿನ ಒಳಗೆ ತಾಮ್ರದ ತಂತಿ ಇರಲ್ಲ, ಇಂಗಾಲ ಸವರಿದ ನೂಲಿನ ಎಳೆ ಇರುತ್ತೆ. ಜಗ್ಗಿದರೆ ಹೊರಗಿನ ರಬ್ಬರ್ ಹಿಗ್ಗುತ್ತೆ, ಒಳಗಿನ ಎಳೆ ತುಂಡಾಗುತ್ತೆ. ಹೊರಗಿಂದ ನೋಡಿದರೆ ಹೊಸದರ ಹಾಗೇ. ಇಂಜಿನ್ ಸುಮ್ಮನೆ ಓಡುವಾಗ ಸಿಲಿಂಡರಲ್ಲಿ ಒತ್ತಡ ಕಡಿಮೆ, ಕಿಡಿಗೆ ಕಡಿಮೆ ವೋಲ್ಟೇಜ್ ಸಾಕು, ಒಳಗಿನ ತುಂಡನ್ನೂ ಹಾರಿ ಪ್ಲಗ್ ತಲುಪುತ್ತೆ. ಅದಕ್ಕೇ ವೈರ್ ಕಿತ್ತು ನೋಡಿದಾಗ ಮೂರೂ ಸರಿ ಅನ್ನಿಸಿದ್ದು. ಏರಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಒತ್ತಡ ಏರುತ್ತೆ, ಎರಡು ಕಡೆ ಹಾರುವಷ್ಟು ಶಕ್ತಿ ಇರಲ್ಲ, ಮಿಸ್.

ಮಲ್ಟಿಮೀಟರ್ ಇದ್ದರೆ ಓಮ್ಸ್‌ನಲ್ಲಿ ಇಟ್ಟು ಎರಡೂ ತುದಿ ಮುಟ್ಟಿಸಿ. ಕೆಲವು ಸಾವಿರ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ತುಂಡು.

ಪದ್ಮಿನಿ ಪ್ರೇಮಿ
ಮೀಟರೂ ಬೇಡ. ಅಮಾವಾಸ್ಯೆ ಕತ್ತಲಲ್ಲಿ ಬೋನೆಟ್ ತೆಗೆದು ಸ್ಟಾರ್ಟ್ ಮಾಡಿ, ವೈರ್ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಎಲ್ಲಿ ಸೋರುತ್ತೋ ಅಲ್ಲಿ ನೀಲಿ ಕಿಡಿ ಕಾಣುತ್ತೆ. ದೀಪಾವಳಿ ಇದ್ದ ಹಾಗೆ.

ಟಾರ್ಕ್ ರೆಂಚ್
ಅದು ಹೊರಗೆ ಸೋರುವ ವೈರಿಗೆ ಸಾರ್, ಒಳಗೆ ತುಂಡಾದದ್ದಕ್ಕೆ ಕಾಣದೇ ಹೋಗಬಹುದು. ಆದ್ರೆ ಒಪ್ಪಿದೆ, ಮಜಾ ಇರುತ್ತೆ.

ತೀರ್ಥಳ್ಳಿ 800
ನಿಜ ಹೇಳ್ಬಿಡ್ತೀನಿ.

ಎರಡನೇ ಪ್ಲಗ್ಗಿನ ಟೊಪ್ಪಿಗೆ ಅಂಟಿಕೊಂಡು ಬಿಟ್ಟಿತ್ತು. ಎಷ್ಟು ತಿರುಚಿದರೂ ಬರಲಿಲ್ಲ. ವೈರನ್ನೇ ಕೈಗೆ ಸುತ್ತಿಕೊಂಡು ಎಳೆದೆ, ಬಂತು. ಬರೋವಾಗ ಒಳಗೆ "ಚಟ್" ಅಂದ ಹಾಗಾಯ್ತು, ಟೊಪ್ಪಿಗೆ ಬಿಟ್ಟ ಸದ್ದು ಅನ್ಕೊಂಡೆ. ಪಾನಾ ಸಾರ್ ಮೊದಲ ದಿನ ಕೇಳಿದಾಗಲೇ ಹೇಳಬೇಕಿತ್ತು, ನಾಚಿಕೆ ಆಯ್ತು.

ಈಗ ಮಲ್ಟಿಮೀಟರ್ ಹಿಡಿದೆ. ಒಂದನೇದು 5 ಸಾವಿರ ಚಿಲ್ಲರೆ ಓಮ್, ಮೂರನೇದು 7 ಸಾವಿರದ ಹತ್ತಿರ. ಎರಡನೇದು ಖಾಲಿ. ವೈರ್ ಅಲ್ಲಾಡಿಸಿದಾಗ ಒಂದು ಕ್ಷಣ ಏನೋ ಅಂಕಿ ಮಿಂಚಿ ಹೋಗುತ್ತೆ.

ಅಪ್ಪನಿಗೆ ತೋರಿಸಿದೆ. "ನೀ ಎಳೆದಾಗ್ಲೇ ನೋಡಿದ್ದೆ" ಅಂದ್ರು. ಹಾಗಾದ್ರೆ ಘಾಟಿಯಲ್ಲಿ ಯಾಕೆ ಹೇಳ್ಲಿಲ್ಲ ಅಂದ್ರೆ, "ನೀ ಕೇಳ್ಲಿಲ್ಲ."

ಸಾಗರದ ಸೊಸೆ
ಎಲ್ಲ ಅಪ್ಪಂದಿರನ್ನೂ ಒಂದೇ ಕಾರ್ಖಾನೆಯಲ್ಲಿ ಮಾಡಿದ್ದಾರೆ.

ಹುಬ್ಬಳ್ಳಿ ಪಾನಾ
ನಾಚಿಕಿ ಯಾಕ್ರಿ, ನಾನೂ ಕಲಿಯೂ ಮುಂದ ನಾಕ ವೈರ್ ಹರದೀನಿ, ಉಸ್ತಾದ್ ಪಗಾರದಾಗ ಹಿಡದಿದ್ರು. ಒಂದ ವೈರ್ ತರಬ್ಯಾಡ್ರಿ, ಸೆಟ್ ಪೂರ್ತಿ ಬದಲಿ ಮಾಡ್ರಿ. ಒಂದ ಹೊಸಾದು ಹಾಕಿದ್ರ ಉಳದ ಎರಡು ಆರ್ ತಿಂಗಳದಾಗ ಕೈ ಕೊಡ್ತಾವು. ಹಂಗ ಡಿಸ್ಟ್ರಿಬ್ಯೂಟರ್ ಕ್ಯಾಪ್ ತಗದು ಒಳಗ ನೋಡ್ರಿ, ಹಸರ ಕಿಲುಬು ಹಿಡದಿದ್ರ ಅದನ್ನೂ ಬದಲಿಸ್ರಿ. ಹೊಸಾ ವೈರ್ ಹಾಕುವಾಗ ಒಂದ ಬಿಚ್ಚಿ ಒಂದ ಹಾಕ್ರಿ. ಮೂರೂ ಒಮ್ಮೆ ಕಿತ್ತ್ರ ಮತ್ತ ಇಲ್ಲೇ ಬಂದು "ಗಾಡಿ ಸೀನಾಕ ಹತ್ತೈತಿ" ಅಂತ ಬರೀತೀರಿ.

ಟೊಪ್ಪಿಗಿ ಒಳಗ ಬೆರಳ ತುದಿ ಅಷ್ಟ ಸಿಲಿಕಾನ್ ಗ್ರೀಸ್ ಸವರ್ರಿ, ಮುಂದಿನ ಸಲ ಅಂಟೂದಿಲ್ಲ.

ಹೊಸಬ
ಹಳೇ ಪ್ಲಗ್ ಕಪ್ಪಾಗಿದ್ದು ಮಾತ್ರ ಅರ್ಥ ಆಗ್ಲಿಲ್ಲ. ವೈರ್ ತುಂಡಾಗಿದ್ದು ಆಮೇಲೆ ತಾನೇ?

ಟಾರ್ಕ್ ರೆಂಚ್
ಒಳ್ಳೆ ಪ್ರಶ್ನೆ. ಇಷ್ಟು ವರ್ಷದ ಹಳೇ ವೈರ್ ಮೊದಲೇ ಅರೆಜೀವ ಆಗಿತ್ತು ಅನ್ಸುತ್ತೆ. ಕಿಡಿ ಬಲ ಇಲ್ಲದೆ ಪೆಟ್ರೋಲ್ ಸರಿಯಾಗಿ ಉರಿಯದೆ ಮಸಿ ಕಟ್ಟಿರುತ್ತೆ. ಇವರು ಎಳೆದದ್ದು ಕೊನೆಯ ಏಟು.

ತೀರ್ಥಳ್ಳಿ 800
ವೈರ್ ಸೆಟ್, ಕ್ಯಾಪ್ ಎರಡೂ ಹಾಕಿದೆ. ಕ್ಯಾಪ್ ಒಳಗೆ ಪಾನಾ ಸಾರ್ ಹೇಳಿದ ಹಾಗೇ ಹಸಿರು ಕಿಲುಬು ಇತ್ತು. ಇವತ್ತು ಬೆಳಿಗ್ಗೆ ಸೋಮೇಶ್ವರದ ತನಕ ಇಳಿದು, ಚಾ ಕುಡಿದು, ವಾಪಸ್ ಹತ್ತಿಸಿದೆ. 14 ತಿರುವೂ ಒಂದೇ ಉಸಿರಲ್ಲಿ, ಒಂದು ಸಲವೂ ಮಿಸ್ ಇಲ್ಲ. ಅಪ್ಪನೂ ಬಂದಿದ್ರು. ಏನೂ ಮಾತಾಡ್ಲಿಲ್ಲ. ಮೇಲೆ ಬಂದ ಮೇಲೆ "ಕ್ಲಚ್ ಸ್ವಲ್ಪ ವಾಸನೆ ಬರ್ತಿದೆ" ಅಂದ್ರು.

ಜಯನಗರ 4ನೇ ಬ್ಲಾಕ್
ಹೊಸ ಚರ್ಚೆ ಶುರು ಮಾಡಿ: "ಕ್ಲಚ್ ಪ್ಲೇಟ್ ಮನೆಯಲ್ಲೇ ಬದಲಾಯಿಸಬಹುದಾ?"

ಹುಬ್ಬಳ್ಳಿ ಪಾನಾ
ಬ್ಯಾಡ್ರಿ ಅಣ್ಣಾರ. ಅದಕ್ಕ ಮಾತ್ರ ಗ್ಯಾರೇಜಿಗೆ ಬಿಡ್ರಿ.

ಗೇರುಬೀಜ
ಟ್ಯಾಪೆಟ್ ಕವರ್ ರಬ್ಬರ್ ರಿಂಗ್ ಬೆಂಗಳೂರಿನ ಜೆ.ಸಿ. ರೋಡಲ್ಲಿ ಸಿಗುತ್ತಾ? ಭಾನುವಾರ ತೆಗೆದಿರ್ತಾರಾ ಯಾರಾದ್ರೂ ಹೇಳಿ.